ದಾವಣಗೆರೆ ಬೆಣ್ಣೆಯಲ್ಲಿ ಪಫ್ಸ್: ಆರು ಸಲದ ಲೆಕ್ಕ

ನಂದು ಮೋಟರ್ ರಿವೈಂಡಿಂಗ್ ಅಂಗಡಿ. ಅಡುಗೆಗೂ ನನಗೂ ಅಷ್ಟಕ್ಕಷ್ಟೇ. ಭಾನುವಾರ ಒಗ್ಗರಣೆ ಮಂಡಕ್ಕಿ ಮಾಡುತ್ತೇನೆ, ಅಲ್ಲಿಗೆ ಮುಗೀತು. ಈ ಕೆಲಸಕ್ಕೆ ಕೈ ಹಾಕಿದ್ದು ಮಗಳಿಂದ. ಪಫ್ಸ್ ತಿನ್ನುತ್ತಾ ಕೇಳಿದಳು: "ಅಪ್ಪಾಜಿ, ನಮ್ಮೂರನ್ನ ಬೆಣ್ಣೆ ಊರು ಅಂತಾರೆ. ಮತ್ತೆ ಇದರಲ್ಲಿ ಬೆಣ್ಣೆ ವಾಸನೆನೇ ಇಲ್ವಲ್ಲ?"

ಬೀದಿ ಕೊನೆಯ ಬೇಕರಿಯವರನ್ನೇ ಕೇಳಿದೆ. ನಕ್ಕರು. "ಬೆಣ್ಣೆ ಎಲ್ಲಿ ಬಂತು ಸಾರ್, ಎಲ್ಲಾ ಮಾರ್ಗರೀನು, ಎಣ್ಣೆಯಿಂದ ಮಾಡೋ ಬೆಣ್ಣೆ ಥರದ್ದು. ಈ ಬಿಸಿಲಿಗೆ ಬೆಣ್ಣೆ ನಿಲ್ತದಾ? ಲಟ್ಟಿಸೋದ್ರೊಳಗೆ ಎಣ್ಣೆ ಆಗಿರ್ತದೆ. ಬೆಣ್ಣೆದು ಮಾಡಿದ್ರೆ ಒಂದಕ್ಕೆ ನಲವತ್ತು ರೂಪಾಯಿ ಹೇಳ್ಬೇಕು, ಯಾರು ತಗೋತಾರೆ?"

ಆಗಲ್ಲ ಅಂದರೆ ನನಗೆ ಸುಮ್ನೆ ಇರೋಕಾಗಲ್ಲ. ಹೀಗೆ ಶುರುವಾಯ್ತು. ಆರು ಸಲ ಮಾಡಿದೆ. ನಾಲ್ಕು ಪೂರ್ತಿ ಕೆಟ್ಟವು, ಒಂದು ಅರ್ಧ ಸರಿ ಬಂತು, ಕೊನೆಯದು ತಿನ್ನುವ ಹಾಗಿತ್ತು. ಮೈದಾ ಮೆತ್ತಿದ ನೋಟ್ ಪುಸ್ತಕ ನೋಡಿಕೊಂಡು ಬರೆಯುತ್ತಿದ್ದೇನೆ. ಇವತ್ತು 2025ರ ಮೇ 4.

ಗುರಿ ಇಷ್ಟೇ. ಒಳಗೆ ಬೆಣ್ಣೆ ದೋಸೆ ಜೊತೆ ಕೊಡುವಂಥ ಬಿಳಿ ಆಲೂಗಡ್ಡೆ ಪಲ್ಯ. ಹೊರಗೆ ಪದರ ಪದರವಾಗಿ ಬಿಡುವ ಹೊದಿಕೆ, ಅದೂ ಮಾರ್ಕೆಟ್‌ನಲ್ಲಿ ಸಿಗುವ ಬಿಡಿ ಬೆಣ್ಣೆಯಲ್ಲೇ. ಬೇಕರಿಯವರು ಕಲಸಿದ ಹಿಟ್ಟನ್ನು ಲಟ್ಟಿಸಿ, ಮೇಲೆ ಮಾರ್ಗರೀನ್ ಹರಡಿ, ಮಡಚಿ ಮಡಚಿ ಮತ್ತೆ ಲಟ್ಟಿಸುತ್ತಾರೆ. ನಾನು ಹಿಡಿದದ್ದು ಸಣ್ಣ ದಾರಿ. ತಣ್ಣನೆ ಬೆಣ್ಣೆಯನ್ನು ತುಣುಕಾಗಿಯೇ ಒಣ ಮೈದಾಕ್ಕೆ ಸೇರಿಸುವುದು, ಸ್ವಲ್ಪ ನೀರಲ್ಲಿ ಕೂಡಿಸುವುದು, ಆಮೇಲೆ ಮಡಚುವುದು. ಸಣ್ಣ ದಾರಿ ಅಂದುಕೊಂಡಿದ್ದೆ ಅಷ್ಟೆ.

ಪ್ರತಿ ಸಲವೂ ಹಿಟ್ಟನ್ನು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಒಳಗೆ ಏನೂ ತುಂಬದೆ ಬೇಯಿಸಿದೆ. ಬೆಂದ ಮೇಲೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೆ. ಎಷ್ಟು ಉಬ್ಬಿತು ಅನ್ನುವುದು ಕಣ್ಣಳತೆಗೆ ಮೋಸ ಮಾಡುತ್ತದೆ, ಕ್ಯಾಲಿಪರಿಗೆ ಮಾಡಲ್ಲ. ಉಷ್ಣತೆ ನೋಡಲು ಮಲ್ಟಿಮೀಟರಿನ ಥರ್ಮೋಕಪಲ್ ವೈರ್. ಅಂಗಡಿಯ ವೈರನ್ನು ಹಿಟ್ಟಿಗೆ ಚುಚ್ಚಲು ಹೋದಾಗ ನಮ್ಮನೆಯವರು ಅದನ್ನು ಕಿತ್ತುಕೊಂಡು ಹೊರಗೆ ಎಸೆದರು. ವಾರ್ನಿಶ್ ಮೆತ್ತಿತ್ತು, ಅವರದ್ದೇನೂ ತಪ್ಪಿಲ್ಲ. ₹150 ಕೊಟ್ಟು ಹೊಸ ವೈರ್ ತಂದೆ. ಅಡುಗೆ ತಕ್ಕಡಿ ₹450.

ಏಪ್ರಿಲ್ 6, ಭಾನುವಾರ. ಮೊದಲನೇ ಸಲ: ಕೈಯಲ್ಲಿ ಉಜ್ಜಿದ್ದು

ರಾಮನವಮಿ. ಪಾನಕ ಕೋಸಂಬರಿ ಮುಗಿಸಿ ಮಧ್ಯಾಹ್ನ 12ಕ್ಕೆ ಕೂತೆ. ಅಡುಗೆಮನೆ 34 ಡಿಗ್ರಿ. ಮೈದಾ 250 ಗ್ರಾಂ, ಬೆಣ್ಣೆ 125 ಗ್ರಾಂ, ಉಪ್ಪು 4 ಗ್ರಾಂ. ಬೆಣ್ಣೆ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಒಂದು ಗಂಟೆ ಇದ್ದದ್ದು.

ನಮ್ಮ ಕಡೆ ಹಿಟ್ಟಿಗೆ ಜಿಡ್ಡು ಹಾಕುವುದು ಅಂದರೆ ಕಾಯಿಸಿ ಹಾಕುವುದು. ನಿಪ್ಪಟ್ಟಾಗಲಿ, ಚಕ್ಕುಲಿಯಾಗಲಿ, ಬಿಸಿ ಎಣ್ಣೆ ಸುರಿದು, ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು. ಅವ್ವ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಕೈಗೂ ಅದೇ ಗೊತ್ತಿದ್ದದ್ದು. ತಣ್ಣನೆ ಬೆಣ್ಣೆ ಹಾಕಿದೆ, ಆದರೆ ಉಜ್ಜಿದ್ದು ಮಾತ್ರ ನಿಪ್ಪಟ್ಟಿನ ಉಜ್ಜು. ಆರು ನಿಮಿಷದಲ್ಲಿ ಬೆಣ್ಣೆ ಎಲ್ಲಿ ಹೋಯ್ತೋ ಕಾಣಲಿಲ್ಲ. ಮೈದಾ ಹಳದಿ ತಿರುಗಿ ಒದ್ದೆ ಮರಳಿನ ಹಾಗಾಯ್ತು. ನೀರು ಒಂದೇ ಚಮಚ ಹಿಡಿಯಿತು. ಆಗಲೇ ಅನುಮಾನ ಬರಬೇಕಿತ್ತು.

200 ಡಿಗ್ರಿ ಓವನ್, 25 ನಿಮಿಷ. ತಟ್ಟೆಯ ಮೇಲೆ ತುಪ್ಪದ ಕೆರೆ. ಬಸಿದು ತೂಗಿದರೆ 18 ಗ್ರಾಂ. ಪಟ್ಟಿ 4ರಿಂದ 4.5 ಮಿಲಿಮೀಟರಿಗೆ ಬಂದಿತ್ತು, ಅಂದರೆ ಉಬ್ಬೇ ಇಲ್ಲ. ಬಾಯಿಗಿಟ್ಟರೆ ಖಾರ ಇಲ್ಲದ ನಿಪ್ಪಟ್ಟು. ಅವ್ವ ನಾಲ್ಕು ತಿಂದು "ಚಾಕ್ಕೆ ಚಲೋ ಐತಿ" ಅಂದಳು. ಅದು ಸಮಾಧಾನವೋ ಹಂಗಿಸಿದ್ದೋ ಇವತ್ತಿಗೂ ಗೊತ್ತಿಲ್ಲ.

ಏಪ್ರಿಲ್ 7. ಬೆಣ್ಣೆ ತೂಕ

ಒಂದೇ ಚಮಚ ನೀರು ಸಾಕಾದದ್ದು ತಲೆಯಲ್ಲೇ ಕೊರೆಯುತ್ತಿತ್ತು. 250 ಗ್ರಾಂ ಮೈದಾಕ್ಕೆ ಕಡಿಮೆ ಅಂದರೂ ನಾಲ್ಕು ಚಮಚ ಬೇಕು. ಉಳಿದ ನೀರು ಎಲ್ಲಿಂದ ಬಂತು? ಉಳಿದಿದ್ದ ಬೆಣ್ಣೆಯಲ್ಲಿ 100 ಗ್ರಾಂ ತೂಗಿ ಕಾಯಿಸಿದೆ. ಚಟಪಟ ಸದ್ದು ನಿಂತು, ನೊರೆ ಅಡಗಿ, ತುಪ್ಪ ತಿಳಿಯಾದ ಮೇಲೆ ಪಾತ್ರೆಯ ತೂಕ ಕಳೆದರೆ ಉಳಿದದ್ದು 70 ಗ್ರಾಂ. ಮೂವತ್ತು ಗ್ರಾಂ ನೀರು.

ಮಾರಿದವರ ಮೋಸ ಏನಲ್ಲ. ಕಡೆದ ಬೆಣ್ಣೆಯನ್ನು ನೀರಿನಲ್ಲೇ ಮುಳುಗಿಸಿ ಇಡುತ್ತಾರೆ, ಉಂಡೆಯ ಒಳಗೆ ಮಜ್ಜಿಗೆಯೂ ಸಿಕ್ಕಿಕೊಂಡಿರುತ್ತದೆ. ದೋಸೆಯ ಮೇಲೆ ಹಾಕಲು ಅದೇ ಚೆಂದ, ಕಾವಲಿ ಮೇಲೆ ನೀರೆಲ್ಲ ಹಾರಿಹೋಗುತ್ತದೆ. ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು ಇರಲೇಬೇಕು, ನೀರು 16 ಭಾಗ ದಾಟುವಂತಿಲ್ಲ. ನಾನು ತಂದದ್ದರಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ನೀರು. ಉಜ್ಜಿದಾಗ ಆ ನೀರು ಹೊರಬಂದು ಮೈದಾವನ್ನು ಕಲಸಿಬಿಟ್ಟಿತ್ತು. ಬೆಣ್ಣೆ ಸೇರಿಸುತ್ತಿದ್ದೇನೆ ಅಂದುಕೊಂಡು ನಾನು ಅಸಲಿಗೆ ಚಪಾತಿ ಹಿಟ್ಟು ನಾದುತ್ತಿದ್ದೆ.

ಪ್ಯಾಕೆಟ್ ಬೆಣ್ಣೆ ತಂದಿದ್ದರೆ ಇಲ್ಲಿಗೇ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಮಗಳು ಕೇಳಿದ್ದು ನಮ್ಮೂರ ಬೆಣ್ಣೆ.

ಏಪ್ರಿಲ್ 9. ಬೆಣ್ಣೆ ಹಿಂಡಿದ್ದು

ಒಂದು ಕೆಜಿ ಬಿಡಿ ಬೆಣ್ಣೆ ತಂದೆ, ₹520. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಶುರು. ದೊಡ್ಡ ಪಾತ್ರೆಯಲ್ಲಿ ಐಸ್ ನೀರು, 12 ಡಿಗ್ರಿ. ಬೆಣ್ಣೆಯನ್ನು ಅದರಲ್ಲಿ ಹಾಕಿ ಮರದ ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿದೆ. ಮೊದಲ ನೀರು ಹಾಲಿನ ಹಾಗೆ ಬಿಳಿ. ಚೆಲ್ಲಿ ಮತ್ತೆ ಐಸ್ ನೀರು. ಮೂರನೇ ಸಲ ನೀರು ತಿಳಿಯಾಗಿ ನಿಂತಿತು. ಆಮೇಲೆ ನೀರಿಲ್ಲದೆಯೇ ಐದು ನಿಮಿಷ ಒತ್ತಿದೆ. ಹನಿ ಹನಿಯಾಗಿ ಬೆವರುತ್ತದೆ. ಕೊನೆಗೆ ಒಗೆದ ಹಳೇ ಪಂಚೆಯ ಮೇಲೆ ಹರಡಿ, ಅದನ್ನೇ ಮೇಲೆ ಮಡಚಿ, ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿದೆ.

1000 ಗ್ರಾಂ ಇದ್ದದ್ದು 896 ಆಯ್ತು. ಮತ್ತೆ 100 ಗ್ರಾಂ ಕಾಯಿಸಿ ನೋಡಿದರೆ 78 ಗ್ರಾಂ ಉಳಿಯಿತು. ಪ್ಯಾಕೆಟ್ಟಿನಷ್ಟಿಲ್ಲ, ಪರವಾಗಿಲ್ಲ. ಉಳಿದದ್ದನ್ನು ಬೆಣ್ಣೆ ಕಾಗದದಲ್ಲಿ ಬೆರಳು ದಪ್ಪದ ಹಲಗೆಗಳಾಗಿ ಸುತ್ತಿ ಫ್ರೀಜರಿಗೆ ಹಾಕಿದೆ. ಕಾಗದದ ಸುರುಳಿ ₹60.

ಒಂದು ತಪ್ಪು ಬರೆದಿಡಬೇಕು. ಮೊದಲು ನಲ್ಲಿ ನೀರಲ್ಲೇ ತೊಳೆಯಲು ಹೋದೆ. ಏಪ್ರಿಲ್‌ನಲ್ಲಿ ತಾರಸಿ ಟ್ಯಾಂಕಿನ ನೀರು ರಾತ್ರಿ ಒಂಬತ್ತಕ್ಕೂ ಉಗುರುಬೆಚ್ಚಗೆ ಇರುತ್ತದೆ. ಬೆಣ್ಣೆ ಸೌಟಿಗೆ, ಪಾತ್ರೆಗೆ, ಮುಂಗೈಗೆ ಎಲ್ಲಾ ಬಳಿದುಕೊಂಡಿತು. ಅದನ್ನು ಗಟ್ಟಿ ಮಾಡಲು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟು ಕಾಯಬೇಕಾಯ್ತು.

ಏಪ್ರಿಲ್ 13, ಭಾನುವಾರ. ಎರಡನೇ ಸಲ: ಎರಡು ಚಾಕು

ಕೈ ಬಿಸಿಯೇ ಶತ್ರು ಅಂತ ತೀರ್ಮಾನಿಸಿ ಕೈಯನ್ನೇ ದೂರ ಇಟ್ಟೆ. 125 ಗ್ರಾಂ ಬೆಣ್ಣೆ ಫ್ರೀಜರಿನಿಂದ ನೇರ ತೆಗೆದು, ಸಣ್ಣಗೆ ಕತ್ತರಿಸಿ, ಮೈದಾದಲ್ಲಿ ಹಾಕಿ, ಎರಡು ಚಾಕುಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಎಳೆಯುತ್ತಾ ಹೋದೆ. ತುಣುಕುಗಳು ಬಟಾಣಿ ಗಾತ್ರಕ್ಕೆ ಬರಬೇಕು ಅಂತ ಲೆಕ್ಕ. 14 ನಿಮಿಷ ಆದ ಮೇಲೆ ಕೆಲವು ಬಟಾಣಿ, ಕೆಲವು ಸಾಸಿವೆ, ಕೆಲವು ಇನ್ನೂ ಗೋಟಡಿಕೆ. ಎಡಗೈ ತೋರುಬೆರಳಿಗೆ ಒಂದು ಗಾಯ.

ಲಟ್ಟಿಸಿದಾಗ ಬೆಣ್ಣೆ ಜಲ್ಲಿಕಲ್ಲಿನ ಹಾಗೆ ಹಿಟ್ಟನ್ನು ಹರಿದುಕೊಂಡು ಮೇಲೆ ಬಂತು. ಅಷ್ಟು ಗಟ್ಟಿ. ಲಟ್ಟಣಿಗೆಯ ಕೆಳಗೆ ಟಕ್ ಟಕ್ ಅನ್ನುತ್ತಿತ್ತು. ಬೆಂದ ಮೇಲೆ ಆ ಗೋಟಡಿಕೆಗಳಿದ್ದ ಕಡೆ ತೂತು, ತೂತಿನ ಕೆಳಗೆ ತುಪ್ಪ. ಪಟ್ಟಿಯ ಒಂದು ತುದಿ 9 ಮಿಲಿಮೀಟರ್, ಇನ್ನೊಂದು ತುದಿ 5.

ಆದರೆ ಆ 9 ಮಿಲಿಮೀಟರ್ ತುದಿಯನ್ನು ಮುರಿದು ನೋಡಿದಾಗ ಮೂರ್ನಾಲ್ಕು ಪದರ ಕಂಡವು. ಮೊದಲ ಸಲ ಪದರ ಅನ್ನುವಂಥದ್ದು ಕಂಡದ್ದು ಅಲ್ಲೇ. ಆ ಚೂರನ್ನು ಯಾರಿಗೂ ತಿನ್ನಲು ಕೊಡದೆ ಡಬ್ಬಿಯಲ್ಲಿ ಇಟ್ಟುಕೊಂಡೆ. ಇರುವೆ ತಿಂದವು.

ಏಪ್ರಿಲ್ 14, ಸೋಮವಾರ. ಮೂರನೇ ಸಲ: ಮಿಕ್ಸಿ

ಅಂಬೇಡ್ಕರ್ ಜಯಂತಿ ರಜೆ. ಈ ಸಲ ಅರ್ಧ ಅಳತೆಗಿಂತ ಸ್ವಲ್ಪ ಜಾಸ್ತಿ: ಮೈದಾ 150, ಬೆಣ್ಣೆ 75. ಹೊರದೇಶದವರು ಫುಡ್ ಪ್ರೊಸೆಸರ್‌ನಲ್ಲಿ ಗುಂಡಿ ಒತ್ತಿ ಒತ್ತಿ ಬಿಟ್ಟು ಮಾಡುತ್ತಾರೆ. ನಮ್ಮ ಮನೆಯಲ್ಲಿ ಇರುವುದು ಮಿಕ್ಸಿ. ಇದು ಕೆಲಸ ಮಾಡಲ್ಲ ಅಂತ ನನಗೇ ಮೊದಲು ಹೊಳೆಯಬೇಕಿತ್ತು, ದಿನಾ ಮಿಕ್ಸಿ ಆರ್ಮೇಚರ್ ಸುತ್ತುವವನು ನಾನು. ಮಿಕ್ಸಿ ಮೋಟರ್ ಖಾಲಿ ಓಡಿದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ಹೋಗುತ್ತದೆ. ಅದು ಕತ್ತರಿಸುವ ಯಂತ್ರ ಅಲ್ಲ, ಪುಡಿ ಮಾಡುವ ಯಂತ್ರ.

ಅರ್ಧರ್ಧ ಸೆಕೆಂಡಿನ ಮೂರು ಒತ್ತು. ಮೇಲೆ ಹಾಗೇ ಇತ್ತು. ಇನ್ನೊಂದು ಒತ್ತಿದೆ. ತಳದಲ್ಲಿ ಅಂಟು, ಮೇಲೆ ಗಡ್ಡೆ. ಅಲ್ಲಾಡಿಸಿ ಮತ್ತೊಂದು ಒತ್ತಿದೆ. ಎಲ್ಲಾ ಒಂದೇ ಸಮ, ಸಣ್ಣ ರವೆ.

ಪಟ್ಟಿ 5 ಮಿಲಿಮೀಟರ್. ಪದರ ಇಲ್ಲ. ಆದರೆ ಇದು ಮೊದಲನೇ ಸಲದ ಹಾಗೆ ಗಟ್ಟಿ ಅಲ್ಲ. ಬಾಯಲ್ಲಿ ಪುಡಿಪುಡಿಯಾಗಿ ಕರಗಿತು. ಹೂರಣ ತುಂಬುವ ಬಟ್ಟಲಿನಂಥ ತಿಂಡಿಗೆ, ಬಿಸ್ಕತ್ತಿಗೆ ಇದೇ ಬೇಕು. ಸಕ್ಕರೆ ಹಾಕಿ ಇನ್ನೊಂದು ದಿನ ಮಾಡಬಹುದು. ಪಫ್ಸ್‌ಗೆ ಆಗಲ್ಲ.

ಇಲ್ಲಿ ಅವ್ವ ಒಂದು ಮಾತು ಹೇಳಿದಳು. ಜಾರಿನೊಳಗೆ ಬೆರಳಾಡಿಸಿ ನೋಡಿ, "ಇದು ರವೆ ಆತಲ್ಲೋ ತಮ್ಮಾ. ಪದರ ಬರಬೇಕಂದ್ರೆ ಅವಲಕ್ಕಿ ಹಂಗಿರಬೇಕು. ಚಿರೋಟಿಗೆ ಸಾಟಿ ಹಚ್ಚೋದು ಮತ್ಯಾಕೆ?" ಅಂದಳು. ಚಿರೋಟಿಯಲ್ಲಿ ತುಪ್ಪ ಅಕ್ಕಿಹಿಟ್ಟು ಕಲಸಿದ ಸಾಟಿಯನ್ನು ತೆಳ್ಳಗೆ ಹಚ್ಚುವುದು ಎರಡು ಹಾಳೆ ಒಂದಕ್ಕೊಂದು ಅಂಟದಿರಲಿ ಅಂತ. ಇಲ್ಲೂ ಅದೇ ಕೆಲಸ. ಬೆಣ್ಣೆ ಗುಂಡಗೆ ಇದ್ದರೆ ತೂತು ಬೀಳುತ್ತದೆ, ರವೆಯಾದರೆ ಪುಡಿಯಾಗುತ್ತದೆ, ಚಪ್ಪಟೆ ಇದ್ದರೆ ಹಾಳೆ ಬಿಡುತ್ತದೆ. ಮೂರು ಸಲ ಮೈದಾ ಹಾಳು ಮಾಡಿದ ಮೇಲೆ ಸಿಕ್ಕ ಅಳತೆ: ದಪ್ಪ ಅವಲಕ್ಕಿ.

ಏಪ್ರಿಲ್ 20, ಭಾನುವಾರ. ನಾಲ್ಕನೇ ಸಲ: ತುರಿಯುವ ಮಣೆ

ಬೆಳಿಗ್ಗೆ 5.30. ಅಡುಗೆಮನೆ 27 ಡಿಗ್ರಿ. ಇದಕ್ಕಿಂತ ತಂಪು ಈ ಊರಲ್ಲಿ ಈ ತಿಂಗಳು ಕೇಳಬಾರದು. ಮೈದಾವನ್ನೂ ಅಗಲ ಸ್ಟೀಲ್ ಪಾತ್ರೆಯನ್ನೂ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದೆ. ಚೌಕಿಪೇಟೆಯಿಂದ ದೊಡ್ಡ ತೂತಿನ ಹೊಸ ತುರಿಯುವ ಮಣೆ ತಂದಿದ್ದೆ, ₹120. ಮನೆಯದು ಕ್ಯಾರೆಟ್ ತುರಿದು ತುರಿದು ಮೊಂಡಾಗಿತ್ತು, ಮೊಂಡು ಮಣೆ ಬೆಣ್ಣೆಯನ್ನು ತುರಿಯಲ್ಲ, ಸವರುತ್ತದೆ.

ಬೆಣ್ಣೆ 150 ಗ್ರಾಂಗೆ ಏರಿಸಿದೆ, ಮೈದಾ 250. ಬೆಣ್ಣೆಯ ಹಲಗೆಯನ್ನು ಕಾಗದದ ಸಮೇತ ಹಿಡಿದು, ತುದಿಯ ಕಾಗದ ಮಾತ್ರ ಬಿಡಿಸಿ, ಮೈದಾದ ಮೇಲೇ ತುರಿದೆ. ಪ್ರತಿ ನಾಲ್ಕೈದು ಎಳೆತಕ್ಕೆ ನಿಲ್ಲಿಸಿ ತುರಿಗೆ ಮೈದಾ ಹೊದಿಸಿದೆ. ಇಲ್ಲದಿದ್ದರೆ ತುರಿ ಒಂದರ ಮೇಲೊಂದು ಬಿದ್ದು ಮತ್ತೆ ಉಂಡೆಯಾಗುತ್ತದೆ. 120 ಗ್ರಾಂ ತನಕ ಅದ್ಭುತ. ಕೊನೆಯ 30 ಗ್ರಾಂ ನನ್ನ ಬೆರಳ ಬಿಸಿಗೆ ಮೆತ್ತಗಾಗಿ ಮಣೆಯ ತೂತು ಕಟ್ಟಿಕೊಂಡಿತು. ಅದನ್ನು ಚಾಕುವಿನಲ್ಲಿ ಹೆರೆದು ಹಾಕಿದೆ.

ಆಮೇಲೆ ಬೆರಳ ತುದಿ. ಕೈಯನ್ನು ಐಸ್ ನೀರಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಹೆಬ್ಬೆರಳು ಮತ್ತು ಎರಡು ಬೆರಳ ತುದಿಯ ನಡುವೆ ತುರಿಯನ್ನು ಒಂದೊಂದು ಸಲ ಒತ್ತಿ ಬಿಡುವುದು. ಉಜ್ಜುವುದಲ್ಲ, ಒತ್ತುವುದು. ಅಂಗೈ ತಾಗಲೇಬಾರದು. ಎರಡು ನಿಮಿಷ. ಪಾತ್ರೆ ತುಂಬ ಅವಲಕ್ಕಿ. ನಮ್ಮನೆಯವರನ್ನು ಎಬ್ಬಿಸಿ ತೋರಿಸಿದೆ. ಭಾನುವಾರ ಐದೂಮುಕ್ಕಾಲಿಗೆ ಎಬ್ಬಿಸಿದ್ದಕ್ಕೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಇಲ್ಲಿಯತನಕ ಎಲ್ಲಾ ಸರಿ. ಇಲ್ಲಿಂದ ಮುಂದೆ ಕೆಡಿಸಿದ್ದು ನಾನೇ.

ನೀರು 90 ಮಿಲಿ ಸುರಿದೆ. ಒಂದೇ ಸಲಕ್ಕೆ. ಜಾಸ್ತಿ ಆಯ್ತು ಅಂತ ಗೊತ್ತಾಯ್ತು, ಕೈಗೆ ಅಂಟುತ್ತಿತ್ತು. ಅಂಟು ಬಿಡಲಿ ಅಂತ ನಾದಿದೆ. ಚಪಾತಿ ಹಿಟ್ಟಿಗೆ ಮಾಡುವ ಹಾಗೆ ಅಂಗೈ ಬುಡದಿಂದ ತಳ್ಳಿ ಮಡಚಿ ತಳ್ಳಿ ಮಡಚಿ, ಮೂರು ನಿಮಿಷ. ಬಾಗಿಲಲ್ಲಿ ನಿಂತಿದ್ದ ಅವ್ವ "ನಾದಬ್ಯಾಡಪ್ಪಾ" ಅಂದದ್ದು ಕೇಳಿಸಿತು. ಕೈ ನಿಲ್ಲಲಿಲ್ಲ. ಉಂಡೆ ನುಣ್ಣಗಾದಾಗ ಖುಷಿಯಾಯ್ತು, ಆ ಖುಷಿಯೇ ತಪ್ಪು. ಈ ಹಿಟ್ಟು ನುಣ್ಣಗಾಗಬಾರದು.

ಲಟ್ಟಿಸಿದರೆ ರಬ್ಬರಿನ ಹಾಗೆ ಹಿಂದಕ್ಕೆ ಓಡಿತು. 10 ಸೆಂಟಿಮೀಟರ್ ಚೌಕ ಕತ್ತರಿಸಿ ಇಟ್ಟದ್ದು ಬೆಂದು ಹೊರಬಂದಾಗ 7.8. ಪಲ್ಯ ಇನ್ನೂ ಬೆಚ್ಚಗಿದ್ದಾಗಲೇ ತುಂಬಿದ್ದು ಇನ್ನೊಂದು ಎಡವಟ್ಟು, ಒಳಗಿನ ಬೆಣ್ಣೆ ಓವನ್ ಕಾಣುವ ಮೊದಲೇ ಕರಗಿತು. ಆದರೂ ಪಟ್ಟಿ 8 ಮಿಲಿಮೀಟರಿಗೆ ಎದ್ದಿತ್ತು, ಪದರ ಎಣಿಸಬಹುದಿತ್ತು. ಅಗಿಯಲು ಮಾತ್ರ ಒಳ್ಳೇ ಹಲ್ಲು ಬೇಕಿತ್ತು. ಅರ್ಧ ಸರಿ ಅಂದದ್ದು ಇದನ್ನೇ.

ಅವತ್ತೇ ಓವನ್ನನ್ನೂ ಪರೀಕ್ಷೆ ಮಾಡಿದೆ. ಹೊಸ ವೈರನ್ನು ಒಳಗೆ ಇಳಿಬಿಟ್ಟು ಬಾಗಿಲು ಮುಚ್ಚಿದೆ. ಗುಂಡಿ 200ಕ್ಕೆ ಇಟ್ಟರೆ ಒಳಗೆ 176. ಗುಂಡಿ 230ಕ್ಕೆ ಇಟ್ಟರೆ 207. ಮೂರು ಸಲ ಕೆಟ್ಟದ್ದರಲ್ಲಿ ಓವನ್ನಿನ ಪಾಲೂ ಇತ್ತು. ಬಿಸಿ ಸಾಲದಿದ್ದರೆ ಬೆಣ್ಣೆಯ ನೀರು ಜೋರಾಗಿ ಆವಿಯಾಗಿ ಪದರ ಎತ್ತುವುದರೊಳಗೆ ಕೊಬ್ಬು ಕರಗಿ ಹರಿದುಹೋಗುತ್ತದೆ.

ಏಪ್ರಿಲ್ 27, ಭಾನುವಾರ. ಐದನೇ ಸಲ: ಕರೆಂಟ್

ಬೇಗ ಹೇಳಿ ಮುಗಿಸುತ್ತೇನೆ. ಎಲ್ಲಾ ಸರಿಯಾಗಿತ್ತು. ತುರಿ ಸರಿ, ನೀರು 60 ಮಿಲಿ, ನಾದಲಿಲ್ಲ. ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಅಂಗಡಿಗೆ ಬಂದೆ, ಅರ್ಜೆಂಟ್ ಬೋರ್‌ವೆಲ್ ಮೋಟರ್ ಇತ್ತು. ಬೇಸಿಗೆಯಲ್ಲಿ ತೋಟದವರನ್ನು ಕಾಯಿಸೋಕಾಗಲ್ಲ. ಕರೆಂಟ್ ಮೂರು ತಾಸು ಇರಲಿಲ್ಲ. ಮನೆಯಲ್ಲಿ ಮಗಳು ತಣ್ಣೀರಿಗೆ ಅಂತ ಫ್ರಿಜ್ ಬಾಗಿಲು ಎಷ್ಟು ಸಲ ತೆಗೆದಳೋ. ವಾಪಸ್ ಬಂದಾಗ ಹಿಟ್ಟು 24 ಡಿಗ್ರಿ, ಮೇಲೆ ಎಣ್ಣೆ ಬೆವರು. ಮತ್ತೆ ಗಟ್ಟಿ ಮಾಡಿ ಬೇಯಿಸಿ ನೋಡಿದೆ. ಒಂದು ಸಲ ಮೈದಾಕ್ಕೆ ಇಳಿದ ಬೆಣ್ಣೆ ಮತ್ತೆ ಅವಲಕ್ಕಿ ಆಗಲ್ಲ. ಪಟ್ಟಿ 5.5. ಎಮ್ಮೆಗೆ ಹಾಕಿದೆವು.

ಏಪ್ರಿಲ್ 30, ಬುಧವಾರ. ಆರನೇ ಸಲ

ಬಸವ ಜಯಂತಿ, ಅಂಗಡಿ ರಜೆ. ಬೆಳಿಗ್ಗೆ 5.10ಕ್ಕೆ ಶುರು. ಈ ಸಲ ಇನ್ನೊಂದು ವ್ಯವಸ್ಥೆ: ಅಗಲ ತಟ್ಟೆಯಲ್ಲಿ ಐಸ್, ಅದರ ಮೇಲೆ ಇನ್ನೊಂದು ಸ್ಟೀಲ್ ತಟ್ಟೆ ಬೋರಲು. ಅಡುಗೆ ಕಟ್ಟೆಯ ಗ್ರಾನೈಟ್ ಮುಟ್ಟಿದರೆ ತಣ್ಣಗಿದೆ ಅನ್ನಿಸುತ್ತದೆ, ಅಳೆದರೆ 28 ಡಿಗ್ರಿ. ಕೈಗೆ ತಂಪು, ಬೆಣ್ಣೆಗೆ ಅಲ್ಲ. ಹಿಟ್ಟು ಇಡುವ ಮೊದಲು ಕಟ್ಟೆಯ ಮೇಲೆ ಈ ತಟ್ಟೆ ಹತ್ತು ನಿಮಿಷ ಕೂತರೆ ಆ ಜಾಗ 19ಕ್ಕೆ ಇಳಿಯುತ್ತದೆ. ತಟ್ಟೆ ತೆಗೆದು, ಒರೆಸಿ, ಅಲ್ಲೇ ಲಟ್ಟಿಸುವುದು.

ಮೈದಾ 250, ಉಪ್ಪು 4, ಬೆಣ್ಣೆ 150. ಬೆಣ್ಣೆಯ 120 ಗ್ರಾಂ ತುರಿದು, ಉಳಿದ 30 ಗ್ರಾಂ ಹಿಡಿಯ ಭಾಗವನ್ನು ತುರಿಯುವ ಗೋಜಿಗೇ ಹೋಗದೆ ಚಾಕುವಿನಲ್ಲಿ ತೆಳ್ಳಗೆ ಹೆರೆದೆ. ಒತ್ತಿ ಅವಲಕ್ಕಿ ಮಾಡಿದ್ದು ಎರಡು ನಿಮಿಷ. ಐಸ್ ನೀರಿಗೆ ಅರ್ಧ ಚಮಚ ನಿಂಬೆರಸ. ನೀರನ್ನು ಚಮಚದಲ್ಲಿ ಚಿಮುಕಿಸಿ, ಫೋರ್ಕಿನಲ್ಲಿ ಕೆದಕುತ್ತಾ, ಒಟ್ಟು 62 ಮಿಲಿ. ಕಲಸಿದ್ದು ನೋಡಿದರೆ ಇದೇನು ಹಿಟ್ಟೇ ಅನ್ನಬೇಕು, ಒಣ ಪುಡಿ ಅಲ್ಲಲ್ಲಿ ಕಾಣುತ್ತದೆ. ಮುಷ್ಟಿಯಲ್ಲಿ ಒತ್ತಿದರೆ ನಿಂತಿತು, ಸಾಕು. ಈ ಸಲ ನಾದಬಾರದು ಅಂತ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ತಮಾಷೆ ಅಲ್ಲ, ಎರಡೂ ಕೈ ಒಟ್ಟಿಗೆ ಸಿಕ್ಕರೆ ತಾವಾಗಿಯೇ ನಾದಲು ಶುರು ಮಾಡುತ್ತವೆ.

ಬೆಣ್ಣೆ ಕಾಗದದಲ್ಲಿ ಸುತ್ತಿ, ಇಟ್ಟಿಗೆ ಆಕಾರಕ್ಕೆ ಒತ್ತಿ, ಫ್ರಿಜ್‌ನಲ್ಲಿ 45 ನಿಮಿಷ. ಹೊರಗೆ ತೆಗೆದಾಗ 9 ಡಿಗ್ರಿ. ಲಟ್ಟಿಸಿದರೆ ಅಂಚು ಬಿರಿಯಿತು. ಐದು ನಿಮಿಷ ಬಿಟ್ಟು 13ಕ್ಕೆ ಬಂದಾಗ ಮೆತ್ತಗೆ ಹರಡಿತು. ಇದನ್ನು ಎರಡು ಸಲ ನೋಡಿದೆ. 12ರಿಂದ 15 ಡಿಗ್ರಿಯ ನಡುವೆ ಬೆಣ್ಣೆ ಹಿಟ್ಟಿನ ಜೊತೆ ಬಾಗುತ್ತದೆ. ಅದಕ್ಕಿಂತ ಕೆಳಗೆ ಒಡೆಯುತ್ತದೆ, 18 ದಾಟಿದರೆ ಬಳಿದುಕೊಳ್ಳುತ್ತದೆ. ಬೆಳಿಗ್ಗೆ ಆರರ ಹೊತ್ತಿಗೆ ಲಟ್ಟಣಿಗೆ ಆಡಿಸಲು ನನಗೆ ಸಿಕ್ಕ ಸಮಯ ಏಳು ನಿಮಿಷ. ಮಧ್ಯಾಹ್ನ ಎರಡು ನಿಮಿಷವೂ ಸಿಗಲಿಕ್ಕಿಲ್ಲ.

ಟವೆಲ್ ಮಡಚುವ ಹಾಗೆ ಉದ್ದಕ್ಕೆ ಮೂರು ಮಡಿಕೆ. ಅರ್ಧ ಗಂಟೆ ಫ್ರಿಜ್. ಅಡ್ಡ ತಿರುಗಿಸಿ ಲಟ್ಟಿಸಿ ಮತ್ತೆ ಮೂರು ಮಡಿಕೆ. ಮತ್ತೆ ಅರ್ಧ ಗಂಟೆ. ಮೂರನೇ ಸಲವೂ ಅದೇ. ಮೊದಲ ಮಡಿಕೆಯಲ್ಲಿ ಹಿಟ್ಟು ಹರಕು ಚಾಪೆಯ ಹಾಗೆ ಇತ್ತು, ಹಾಳಾಯ್ತು ಅಂತಲೇ ಅಂದುಕೊಂಡೆ. ಮೂರನೆಯದಕ್ಕೆ ತಾನಾಗಿ ಕೂಡಿಕೊಂಡಿತು. ಕತ್ತರಿಸಿದ ಬದಿಯಲ್ಲಿ ಬಿಳಿ ಗೆರೆಗಳು ಕಾಣಿಸಿದವು. ಮೊದಲೇ ನುಣ್ಣಗೆ ಮಾಡಲು ಹೋಗಿದ್ದರೆ ಈ ಗೆರೆಗಳು ಇರುತ್ತಿರಲಿಲ್ಲ.

8 ಚೌಕ ಬಂದವು, 10 ಸೆಂಟಿಮೀಟರಿನವು. ಪಲ್ಯ ಹಿಂದಿನ ರಾತ್ರಿ ಮಾಡಿ ಫ್ರಿಜ್‌ನಲ್ಲಿ ಇಟ್ಟದ್ದು. ತುಂಬಿ, ಮಡಚಿ, ಹಾಲು ಸವರಿ, ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಓವನ್ನಿಗೆ. ಗುಂಡಿ 230ಕ್ಕೆ ಇಟ್ಟು 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ 13 ನಿಮಿಷ.

ಏಳನೇ ನಿಮಿಷಕ್ಕೆ ಗಾಜಿನಲ್ಲಿ ನೋಡಿದರೆ ಪಟ್ಟಿ ಏಳುತ್ತಿತ್ತು. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಮಗಳೂ ಹಲ್ಲುಜ್ಜುತ್ತಾ ಬಂದು ಕೂತಳು.

ಪಟ್ಟಿ: 14 ಮಿಲಿಮೀಟರ್. ಎರಡು ಸಲ ಅಳೆದೆ. ಚೌಕದ ಅಂಚು 10ರಿಂದ 9.6ಕ್ಕೆ ಮಾತ್ರ ಕುಗ್ಗಿತ್ತು. ತಟ್ಟೆಯಲ್ಲಿ ಬಸಿದ ತುಪ್ಪ 4 ಗ್ರಾಂ. ಮನೆಯೆಲ್ಲಾ ಬೆಣ್ಣೆ ಕಾಯಿಸಿದ ವಾಸನೆ.

ಕೆಟ್ಟದ್ದನ್ನೂ ಹೇಳಬೇಕು. ತಳ ಬೆಂದಿರಲಿಲ್ಲ. ಮೇಲೆ ಗರಿಗರಿ, ಕೆಳಗೆ ಒಂದು ಪದರ ಹಸಿ ಹಸಿ, ಪಲ್ಯದ ನೀರು ಹೀರಿಕೊಂಡಿತ್ತು. ಬೇಕರಿಯವರಿಗೆ ಒಂದು ಒಯ್ದು ಕೊಟ್ಟೆ. ಮುರಿದು, ಬೆಳಕಿಗೆ ಹಿಡಿದು, ಮೂಸಿ ನೋಡಿ, ಆಮೇಲೆ ತಿರುಗಿಸಿ ತಳವನ್ನು ಹೆಬ್ಬೆರಳಲ್ಲಿ ಒತ್ತಿದರು. "ಪದರ ಬಂದಿದೆ ಸಾರ್. ತಳ ಬೆಂದಿಲ್ಲ. ತಟ್ಟೆ ಮೊದಲೇ ಕಾಯಿಸಿಡಿ, ಪಲ್ಯ ಇನ್ನೂ ಉದುರುದುರು ಇರ್ಲಿ." ಒಂದು ಕ್ಷಣ ಬಿಟ್ಟು, "ಇನ್ನೊಂದು ಇದೆಯಾ?" ಅಂದರು.

ಖರ್ಚು

ಹಿಂಡಿದ ಮೇಲೆ ಬೆಣ್ಣೆ ಕೆಜಿಗೆ ₹580 ಬಿತ್ತು. ಆರನೇ ಸಲದ ಲೆಕ್ಕ: ಬೆಣ್ಣೆ ₹87, ಮೈದಾ ₹12, ಪಲ್ಯ ₹20, ಕರೆಂಟ್ ₹6. ಒಟ್ಟು ₹125, ಎಂಟಕ್ಕೆ ಹಂಚಿದರೆ ಒಂದಕ್ಕೆ ₹16 ಹತ್ತಿರ. ಬೇಕರಿಯಲ್ಲಿ ಪಫ್ಸ್ ₹20. ನಾವೇ ಗೆದ್ದೆವು ಅಂತ ಮಗಳು ಕುಣಿದಳು. ಬೆಳಿಗ್ಗೆ 5.10ರಿಂದ 9ರ ತನಕದ ನನ್ನ ಕೂಲಿ ಹಾಕಿದರೆ ಬೇಕರಿಯವರು ಹೇಳಿದ ನಲವತ್ತೂ ಸಾಲದು. ಇನ್ನು ಮೊದಲ ದಿನದಿಂದ ಕೂಡಿಸಿದರೆ ಬೆಣ್ಣೆ ₹650, ಮೈದಾ ₹96, ತಕ್ಕಡಿ, ವೈರ್, ಮಣೆ, ಕಾಗದ ಎಲ್ಲಾ ಸೇರಿ ₹1,526. ಆಲೂಗಡ್ಡೆ, ಕರೆಂಟ್ ಬೇರೆ. ಈ ಅಂಕಿಯನ್ನು ಮನೆಯಲ್ಲಿ ಹೇಳಿಲ್ಲ.

ಮೇ 4, ಭಾನುವಾರ

ಏಳನೇ ಸಲ ಇವತ್ತು ಮಾಡಬೇಕಿತ್ತು. ತಟ್ಟೆ ಮೊದಲೇ ಕಾಯಿಸುವುದು, ಪಲ್ಯ ಬಾಣಲೆಯಲ್ಲಿ ಇನ್ನಷ್ಟು ಒಣಗಿಸುವುದು, ಓವನ್ನಿನ ಕೆಳಗಿನ ಅರೆಗೆ ಇಡುವುದು, ಮೂರೂ ಬರೆದಿಟ್ಟುಕೊಂಡಿದ್ದೆ. ಹಿಂಡಿದ ಬೆಣ್ಣೆ 146 ಗ್ರಾಂ ಉಳಿದಿತ್ತು, ಒಂದು ಸಲಕ್ಕೆ ಸರಿಯಾಗಿ ಸಾಕು. ಐದು ಗಂಟೆಗೆ ಎದ್ದು ಫ್ರೀಜರ್ ತೆಗೆದರೆ ಖಾಲಿ ಕಾಗದ. ನಿನ್ನೆ ಸಂಜೆ ಚಿತ್ರದುರ್ಗದಿಂದ ಚಿಕ್ಕಪ್ಪ ಬಂದಿದ್ದರು, ಅವ್ವ ಅಷ್ಟನ್ನೂ ದೋಸೆಗೆ ಹಾಕಿದ್ದಾಳೆ. ಕೇಳಿದ್ದಕ್ಕೆ, "ಬೆಣ್ಣೆ ಛಲೋ ಇತ್ತಪ್ಪಾ, ಸಿಡೀಲೇ ಇಲ್ಲ" ಅಂದಳು.